ಎ, ಆರ್, ಎಂ: ನಿಮ್ಮ ಬೋರ್ಡಿಗೆ ಯಾವ ಪ್ರೊಸೆಸರ್ ಸರಿ?

ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಎಷ್ಟು ಮೆಗಾಹರ್ಟ್ಜ್ ಚಿಪ್ ಹಾಕೋಣ?" ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ಓಡುವ ಪ್ರೋಗ್ರಾಮ್, ಬರೆಯುತ್ತೇನೆ. ಬೋರ್‌ವೆಲ್ ಪಂಪಿನ ಸ್ಟಾರ್ಟರ್, ಹಳ್ಳಿ ಡೇರಿಯಲ್ಲಿ ಹಾಲು ಅಳೆಯುವ ಯಂತ್ರ, ಮೋಟಾರ್ ಡ್ರೈವ್, ಇವೇ ನಮ್ಮ ಕೆಲಸ. ಮೆಗಾಹರ್ಟ್ಜ್ ಪ್ರಶ್ನೆಗೆ ನಾನು ಉತ್ತರ ಹೇಳುವುದಿಲ್ಲ. ತಿರುಗಿ ಕೇಳುತ್ತೇನೆ: "ಈ ಯಂತ್ರ ಎಷ್ಟು ತಡ ಮಾಡಿದರೆ ನಡೆಯುತ್ತದೆ? ಅದಕ್ಕಿಂತ ತಡವಾದರೆ ಏನಾಗುತ್ತದೆ?" ಇದಕ್ಕೆ ಉತ್ತರ ಸಿಕ್ಕರೆ ಚಿಪ್ ಆಯ್ಕೆ ಮುಕ್ಕಾಲು ಭಾಗ ಮುಗಿದ ಹಾಗೆ.

ಇಲ್ಲಿ ಹೆಚ್ಚಾಗಿ ಆರ್ಮ್ ಕೋರ್‌ಗಳ ಬಗ್ಗೆಯೇ ಹೇಳುತ್ತೇನೆ. ಕೋರ್ ಎಂದರೆ ಚಿಪ್ ಒಳಗೆ ಪ್ರೋಗ್ರಾಮ್ ಓಡಿಸುವ ಭಾಗ. ನಮ್ಮ ಮೇಜಿನ ಮೇಲೆ ಇರುವುದು ಜಾಸ್ತಿ ಅವೇ. 1990ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಶುರುವಾದ ಆರ್ಮ್ ಕಂಪನಿ ಕೋರ್‌ನ ವಿನ್ಯಾಸವನ್ನು ಲೈಸೆನ್ಸ್ ಮೇಲೆ ಕೊಡುತ್ತದೆ. ಅದನ್ನು ಚಿಪ್ ಮಾಡಿ ಮಾರುವವರು ಎಸ್‌ಟಿ, ಎನ್‌ಎಕ್ಸ್‌ಪಿ, ಟಿಐ ಮುಂತಾದವರು. 2004ರಲ್ಲಿ ಕಾರ್ಟೆಕ್ಸ್-ಎಂ3 ಪ್ರಕಟವಾಯಿತು. ಅಲ್ಲಿಂದ ಮುಂದೆ ಕೋರ್‌ಗಳು ಮೂರು ಕುಟುಂಬವಾದವು. ಎ ಎಂದರೆ ಅಪ್ಲಿಕೇಶನ್, ಆರ್ ಎಂದರೆ ರಿಯಲ್ ಟೈಮ್, ಎಂ ಎಂದರೆ ಮೈಕ್ರೋಕಂಟ್ರೋಲರ್.

ಮೊದಲು ಹಾಳೆ, ಆಮೇಲೆ ಕ್ಯಾಟಲಾಗ್

ಒಂದು ಹಾಳೆ ತೆಗೆದುಕೊಳ್ಳಿ. ಯಂತ್ರ ಮಾಡಬೇಕಾದ ಪ್ರತಿ ಕೆಲಸವನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಪಕ್ಕದಲ್ಲಿ ಎಷ್ಟು ಸಮಯದೊಳಗೆ ಆಗಬೇಕು ಎಂದು ಬರೆಯಿರಿ. ಅದರ ಪಕ್ಕದಲ್ಲಿ, ಆಗದಿದ್ದರೆ ಗತಿ ಏನು ಎಂದು.

ಪಂಪ್ ಸ್ಟಾರ್ಟರ್ ತೆಗೆದುಕೊಳ್ಳಿ. ಮೂರು ಫೇಸ್‌ನಲ್ಲಿ ಒಂದು ಹೋಯಿತು ಅಂದುಕೊಳ್ಳಿ. ಓಡುತ್ತಿರುವ ಮೋಟಾರ್ ಉಳಿದ ಎರಡು ಫೇಸ್‌ಗಳಿಂದಲೇ ಜಾಸ್ತಿ ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ. ಕೆಲವು ಸೆಕೆಂಡುಗಳಲ್ಲಿ ನಿಲ್ಲಿಸದಿದ್ದರೆ ವೈಂಡಿಂಗ್ ಸುಡಬಹುದು. ರೈತನಿಗೆ ರೀವೈಂಡಿಂಗ್ ಖರ್ಚಿನ ಜೊತೆಗೆ ನೂರಾರು ಅಡಿ ಆಳದಿಂದ ಮೋಟಾರ್ ಎತ್ತಿಸುವ ಖರ್ಚೂ ಬೀಳುತ್ತದೆ. ಆ ವಾರದ ನೀರಿಲ್ಲದೆ ಬೆಳೆ ಒಣಗುವುದು ಬೇರೆ. ಹಾಗಾಗಿ ಈ ಸಾಲು ಹಾಳೆಯ ತಲೆಯಲ್ಲಿರಬೇಕು. ಅದೇ ಸ್ಟಾರ್ಟರ್ ರೈತನ ಮೊಬೈಲಿಗೆ ಮೆಸೇಜ್ ಕಳಿಸುವುದು ಅರ್ಧ ನಿಮಿಷ ತಡವಾದರೂ ನಡೆಯುತ್ತದೆ. ಡಿಸ್‌ಪ್ಲೇಯ ಅಂಕಿ ಅರ್ಧ ಸೆಕೆಂಡಿಗೊಮ್ಮೆ ಬದಲಾದರೆ ಸಾಕು.

ಹೀಗೆ ಬರೆದ ಮೇಲೆ ಒಂದು ವಿಷಯ ತಾನಾಗಿಯೇ ಎದ್ದು ಕಾಣುತ್ತದೆ. ವೇಗ ಬೇಕಾದ ಕೆಲಸಗಳು ಬೇರೆ, ಹೇಳಿದ ಸಮಯಕ್ಕೆ ತಪ್ಪದೆ ಆಗಬೇಕಾದ ಕೆಲಸಗಳು ಬೇರೆ. 1.5 ಗಿಗಾಹರ್ಟ್ಜ್‌ನ ನಾಲ್ಕು ಕೋರ್ ಇರುವ ರಾಸ್ಪ್‌ಬೆರಿ ಪೈ 4 ಲೆಕ್ಕ ಮಾಡುವುದರಲ್ಲಿ ಬಹಳ ವೇಗ. ಆದರೆ ಅದರ ಮೇಲೆ ಲಿನಕ್ಸ್ ಓಡುತ್ತಿರುವಾಗ ಒಂದು ಪಿನ್ ಬದಲಾದದ್ದು ನಿಮ್ಮ ಪ್ರೋಗ್ರಾಮಿಗೆ ಯಾವಾಗ ತಿಳಿಯುತ್ತದೆ ಎಂದು ಹೇಳುವುದು ಕಷ್ಟ. ಸಾಮಾನ್ಯವಾಗಿ ಬೇಗ ತಿಳಿಯುತ್ತದೆ. ಕೆಲವೊಮ್ಮೆ ಮಿಲಿಸೆಕೆಂಡುಗಟ್ಟಲೆ ತಡವಾಗುತ್ತದೆ. ಆ "ಕೆಲವೊಮ್ಮೆ" ನಿಮ್ಮ ಯಂತ್ರಕ್ಕೆ ಪರವಾಗಿಲ್ಲವೇ ಎಂಬುದೇ ಪ್ರಶ್ನೆ.

ಎಂ ಕುಟುಂಬ: ಅರ್ಧಕ್ಕಿಂತ ಹೆಚ್ಚು ಕೆಲಸಕ್ಕೆ ಇದೇ ಸಾಕು

ಸ್ಟಾರ್ಟರ್ ಲೆಕ್ಕ ಮಾಡಿ ನೋಡೋಣ. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಮೂರು ಫೇಸ್‌ಗಳ ಮೂರು ವೋಲ್ಟೇಜ್, ಮೂರು ಕರೆಂಟು ಅಳೆಯಬೇಕು, ಒಟ್ಟು ಆರು ಚಾನೆಲ್. ಪ್ರತಿ ಚಾನೆಲ್‌ಗೆ ಸುತ್ತಿಗೆ 64 ಸ್ಯಾಂಪಲ್ (ಅಳತೆ) ತೆಗೆದುಕೊಂಡರೆ ಸೆಕೆಂಡಿಗೆ 19,200 ಸ್ಯಾಂಪಲ್ ಆಗುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ 64 ಮೆಗಾಹರ್ಟ್ಜ್‌ನ ಕಾರ್ಟೆಕ್ಸ್-ಎಂ0+ ಇರುವ ಎಸ್‌ಟಿಎಂ32ಜಿ0 ಚಿಪ್‌ಗೆ ಒಂದೊಂದು ಸ್ಯಾಂಪಲ್‌ಗೂ 3,300ಕ್ಕಿಂತ ಹೆಚ್ಚು ಸೈಕಲ್ (ಚಿಪ್‌ನ ಗಡಿಯಾರದ ಮಿಡಿತ) ಸಿಗುತ್ತದೆ. ಆರ್‌ಎಂಎಸ್ ಬೆಲೆ ಪಡೆಯಲು ಮಾಡಬೇಕಾದದ್ದು ವರ್ಗ ಮಾಡಿ ಕೂಡಿಸುವುದು, ಅಷ್ಟೇ. ವರ್ಗಮೂಲ ಸುತ್ತಿಗೊಂದು ಸಲ ಸಾಕು. ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಘಟಕ) ಕೊಡುವ 12 ಬಿಟ್‌ನ ಅಂಕಿಯ ವರ್ಗ 24 ಬಿಟ್. ಅಂಥವು 64 ಸೇರಿದರೆ 30 ಬಿಟ್. 32 ಬಿಟ್‌ನ ಒಂದು ಇಂಟಿಜರ್‌ನಲ್ಲಿ ಆರಾಮವಾಗಿ ಕೂರುತ್ತದೆ. ಫ್ಲೋಟಿಂಗ್ ಪಾಯಿಂಟ್, ಅಂದರೆ ದಶಮಾಂಶದ ಲೆಕ್ಕ, ಬೇಕೇ ಇಲ್ಲ. ಇಷ್ಟು ಚಿಕ್ಕ ಚಿಪ್ ಸಾಕು ಎಂದು ಹಾಳೆಯ ಮೇಲೆ ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ.

ಎಂ ಕುಟುಂಬದ ನಿಜವಾದ ಬಲ ಇಂಟರಪ್ಟ್. ಹೊರಗೆ ಏನಾದರೂ ಆದಾಗ ನಡೆಯುತ್ತಿರುವ ಕೆಲಸ ನಿಲ್ಲಿಸಿ ಕೂಡಲೇ ಅದನ್ನು ನೋಡಿಕೊಳ್ಳುವ ವ್ಯವಸ್ಥೆ ಅದು. ಎಂ3, ಎಂ4 ಕೋರ್‌ಗಳಲ್ಲಿ ಇಂಟರಪ್ಟ್ ಬಂದ ಮೇಲೆ ನಿಮ್ಮ ಕೋಡ್ ಶುರುವಾಗಲು 12 ಸೈಕಲ್ ಸಾಕು. ಎಂ0+ನಲ್ಲಿ 15. ಇದು ಮೆಮೊರಿ ಕಾಯಿಸದೆ ಕೊಟ್ಟಾಗಿನ ಲೆಕ್ಕ. ಕೋರ್ ಲೆಕ್ಕಕ್ಕೆ ಬಳಸುವ ಎಂಟು ರಿಜಿಸ್ಟರ್‌ಗಳನ್ನು ಮೆಮೊರಿಯ ಸ್ಟ್ಯಾಕ್ ಮೇಲೆ ಹಾರ್ಡ್‌ವೇರೇ ಇಡುತ್ತದೆ. ಹಾಗಾಗಿ ಇಂಟರಪ್ಟ್ ರೊಟೀನ್ ಅನ್ನು ಮಾಮೂಲಿ ಸಿ ಫಂಕ್ಷನ್ ಹಾಗೆ ಬರೆಯಬಹುದು. ಒಂದು ಇಂಟರಪ್ಟ್ ಮುಗಿಯುವಾಗ ಇನ್ನೊಂದು ಕಾಯುತ್ತಿದ್ದರೆ ರಿಜಿಸ್ಟರ್‌ಗಳನ್ನು ತೆಗೆದು ಮತ್ತೆ ಇಡುವ ಗೋಜಿಗೇ ಹೋಗದೆ ಎರಡನೆಯದಕ್ಕೆ ಜಾರುತ್ತದೆ.

ಎಂ ಒಳಗೇ ಯಾವುದು? ಅಳೆಯುವುದು, ರಿಲೇ ಹಾಕುವುದು, ಬ್ಯಾಟರಿ ಉಳಿಸುವುದು ಇಷ್ಟೇ ಆದರೆ ಎಂ0+. ಮಣ್ಣಿನ ತೇವ ನೋಡುವ ಒಂದು ಸಣ್ಣ ಪೆಟ್ಟಿಗೆ ಸರಾಸರಿ 10 ಮೈಕ್ರೋಆಂಪ್ ತೆಗೆದುಕೊಂಡರೆ, 220 ಮಿಲಿಆಂಪ್ ಗಂಟೆಯ ಕಾಯಿನ್ ಸೆಲ್ ಲೆಕ್ಕದ ಪ್ರಕಾರ ಎರಡೂವರೆ ವರ್ಷ ಬರುತ್ತದೆ. ಎ ಕುಟುಂಬದ ಯಾವ ಬೋರ್ಡೂ ಇದರ ಹತ್ತಿರ ಸುಳಿಯುವುದಿಲ್ಲ. ಆದರೆ ಎಂ0+ಗೆ ಭಾಗಿಸುವ ಇನ್‌ಸ್ಟ್ರಕ್ಷನ್ ಇಲ್ಲ ಎಂಬುದು ನೆನಪಿರಲಿ. ನಾಲ್ಕರಿಂದ ಭಾಗವಾಗದ ವಿಳಾಸದಿಂದ 32 ಬಿಟ್ ಅಂಕಿ ಓದಿದರೆ ನೇರವಾಗಿ ಹಾರ್ಡ್ ಫಾಲ್ಟ್, ಪ್ರೋಗ್ರಾಮ್ ಅಲ್ಲೇ ಬೀಳುತ್ತದೆ. ಎಂ4ನಲ್ಲಿ ಚೆನ್ನಾಗಿ ಓಡುತ್ತಿದ್ದ ಮಾಡ್‌ಬಸ್ (ಯಂತ್ರಗಳು ಪರಸ್ಪರ ಡೇಟಾ ಕಳಿಸುವ ಒಂದು ಪದ್ಧತಿ) ಕೋಡನ್ನು ಖರ್ಚು ಉಳಿಸಲು ಎಂ0+ಗೆ ತಂದಾಗ ಮೊದಲು ಬೀಳುವುದು ಇಲ್ಲೇ. ಪ್ಯಾಕೆಟ್‌ನ ಮೂರನೇ ಬೈಟ್‌ಗೆ ಪಾಯಿಂಟರ್ ಇಟ್ಟು ಓದುವ ಅಭ್ಯಾಸ ಇರುವವರು ಬೈಟ್ ಬೈಟ್ ಆಗಿ ಜೋಡಿಸಿಕೊಳ್ಳಿ.

ಮೋಟಾರ್ ಡ್ರೈವ್ ಆದರೆ ಎಂ4ಗೆ ಹೋಗಿ. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರನ್ನು 20 ಕಿಲೋಹರ್ಟ್ಜ್‌ನಲ್ಲಿ ಹಿಡಿತದಲ್ಲಿಡಬೇಕು ಎಂದರೆ ಪ್ರತಿ 50 ಮೈಕ್ರೋಸೆಕೆಂಡಿಗೆ ಒಮ್ಮೆ ಕರೆಂಟು ಓದಿ, ಲೆಕ್ಕ ಹಾಕಿ, ಪಿಡಬ್ಲ್ಯುಎಂ (ಮೋಟಾರಿಗೆ ಕೊಡುವ ಪಲ್ಸ್‌ಗಳ ಅಗಲ) ಬದಲಿಸಬೇಕು. ಎಸ್‌ಟಿಎಂ32ಜಿ4 170 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆ. 50 ಮೈಕ್ರೋಸೆಕೆಂಡಿನಲ್ಲಿ 8,500 ಸೈಕಲ್. ಅದರಲ್ಲಿ ಇಂಟರಪ್ಟ್‌ಗೆ ಹೋಗುವ 12 ಸೈಕಲ್ ಎಂದರೆ ಸುಮಾರು 70 ನ್ಯಾನೋಸೆಕೆಂಡ್, ಲೆಕ್ಕಕ್ಕೇ ಇಲ್ಲ. ಸೈನ್, ಕೊಸೈನ್ ಲೆಕ್ಕಕ್ಕೆ ಆ ಚಿಪ್‌ನಲ್ಲೇ ಕಾರ್ಡಿಕ್ ಘಟಕ ಇದೆ. ಇಂಟರಪ್ಟ್ ಕೋಡನ್ನು ಪ್ರೋಗ್ರಾಮ್ ಉಳಿಸಿಡುವ ಫ್ಲ್ಯಾಶ್ ಮೆಮೊರಿಯಿಂದ ಓಡಿಸದೆ, ಕಾಯಿಸದೆ ಕೊಡುವ ಸಿಸಿಎಂ ರ‍್ಯಾಮ್‌ನಲ್ಲಿ ಇಡಿ. ಆಗ ಫ್ಲ್ಯಾಶ್ ಕಾಯಿಸುವ ಸಮಯವೂ ಉಳಿಯುತ್ತದೆ, ಪ್ರತಿ ಸಲ ಒಂದೇ ಸಮಯ ಹಿಡಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಎಂ4ನ ಫ್ಲೋಟಿಂಗ್ ಪಾಯಿಂಟ್ ಘಟಕ ಸಿಂಗಲ್ ಪ್ರಿಸಿಷನ್ (32 ಬಿಟ್) ಮಾತ್ರ. ಕೋಡ್‌ನಲ್ಲಿ ಸುಮ್ನೆ 3.14 ಎಂದು ಬರೆದರೆ ಸಿ ಭಾಷೆ ಅದನ್ನು ಡಬಲ್ (64 ಬಿಟ್) ಎಂದು ತಿಳಿಯುತ್ತದೆ. ಆ ಇಡೀ ಲೆಕ್ಕ ಸಾಫ್ಟ್‌ವೇರ್ ಲೈಬ್ರರಿಗೆ ಹೋಗಿ ಹತ್ತಾರು ಪಟ್ಟು ನಿಧಾನವಾಗುತ್ತದೆ. ಸಂಖ್ಯೆಯ ಕೊನೆಯಲ್ಲಿ ಎಫ್ ಅಕ್ಷರ ಹಾಕಿ. ಜೊತೆಗೆ ಕಂಪೈಲರ್‌ನ ಡಬಲ್ ಬಗ್ಗೆ ಎಚ್ಚರಿಸುವ ಆಯ್ಕೆಯನ್ನೂ ಹಾಕಿಡಿ. "ಚಿಪ್ ಸಾಲುತ್ತಿಲ್ಲ, ಎಂ7 ಬೇಕು" ಎಂದು ಬಂದವರ ಕೋಡ್‌ನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಎಂ7ಗೆ ಹೋದರೆ 480 ಮೆಗಾಹರ್ಟ್ಜ್, ಅದಕ್ಕೂ ವೇಗದ ಚಿಪ್‌ಗಳು ಸಿಗುತ್ತವೆ, ಆದರೆ ಜೊತೆಗೆ ಕ್ಯಾಷ್ (ಮೆಮೊರಿಯ ನಕಲು ಇಟ್ಟುಕೊಳ್ಳುವ ಚಿಕ್ಕ ವೇಗದ ಜಾಗ) ಬರುತ್ತದೆ. ಸಮಯ ಮುಖ್ಯವಾದ ಕೋಡನ್ನು ಕೋರ್‌ಗೆ ನೇರ ಸೇರಿದ ಟಿಸಿಎಂ ಮೆಮೊರಿಯಲ್ಲಿ ಇಡಬೇಕು. ಡಿಎಂಎ (ಕೋರ್ ಸಹಾಯವಿಲ್ಲದೆ ಡೇಟಾ ಸಾಗಿಸುವ ಘಟಕ) ಬಫರ್‌ಗಳನ್ನು 32 ಬೈಟ್‌ಗೆ ಹೊಂದಿಸಿ, ಕ್ಯಾಷನ್ನು ನೀವೇ ತೊಳೆಯಬೇಕು. ಇದನ್ನು ಕಲಿಯಲು ಸಮಯ ಇಟ್ಟುಕೊಳ್ಳಿ. ಯಂತ್ರ ಇಂಟರ್‌ನೆಟ್‌ಗೆ ಸೇರುವುದಾದರೆ, ಒಳಗೆ ಗುಟ್ಟಿನ ಕೀಗಳು ಇರುವುದಾದರೆ ಗುಟ್ಟಿನ ಭಾಗವನ್ನು ಉಳಿದದ್ದರಿಂದ ಬೇರೆ ಇಡುವ ಟ್ರಸ್ಟ್‌ಝೋನ್ ಇರುವ ಎಂ33 ನೋಡಿ.

ಎ ಕುಟುಂಬ: ಲಕ್ಷ್ಮಮ್ಮನ ಹೆಸರು ಸರಿಯಾಗಿ ಮೂಡಬೇಕು

ಹಳ್ಳಿ ಡೇರಿಯಲ್ಲಿ ಬೆಳಗ್ಗೆ ಸಂಜೆ ಹಾಲು ಹಾಕುತ್ತಾರೆ. ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ, ದರ ಲೆಕ್ಕ ಹಾಕಿ ಚೀಟಿ ಕೊಡಬೇಕು. ಲೆಕ್ಕ ಚಿಕ್ಕದು, ಎಂ4 ಸಾಕು. ಆದರೆ ಚೀಟಿ ಕನ್ನಡದಲ್ಲಿ ಬೇಕು, ಹಾಲು ಹಾಕಿದವರ ಹೆಸರೂ ಕನ್ನಡದಲ್ಲೇ ಬೇಕು ಎಂದಾಗ ಲೆಕ್ಕಾಚಾರ ಬದಲಾಗುತ್ತದೆ.

"ಲಕ್ಷ್ಮಮ್ಮ" ಎಂಬ ಹೆಸರು ಯೂನಿಕೋಡ್‌ನಲ್ಲಿ ಒಂಬತ್ತು ಸಂಕೇತ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಒತ್ತಕ್ಷರ ಎಲ್ಲಿ ಇಳಿಯಬೇಕು, ಗುಣಿತ ಎಲ್ಲಿ ಅಂಟಬೇಕು ಎಂದು ಯಾರಾದರೂ ಲೆಕ್ಕ ಹಾಕಬೇಕು. ಚಿಕ್ಕ ಡಿಸ್‌ಪ್ಲೇಗಳಿಗೆ ಬರೆದ ಸರಳ ಗ್ರಾಫಿಕ್ಸ್ ಕೋಡ್ ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ಸಾಲಾಗಿ ಇಡುತ್ತಾ ಹೋಗುತ್ತದೆ. ಆಗ ಹೆಸರು ಹರಿದು ಹೋಗುತ್ತದೆ. ಲಿನಕ್ಸ್‌ನಲ್ಲಿ ಹಾರ್ಫ್‌ಬಝ್ ಲೈಬ್ರರಿ ಇದನ್ನು ಸರಿಯಾಗಿ ಮಾಡುತ್ತದೆ. ಪ್ರಿಂಟರ್, ಯುಎಸ್‌ಬಿ, ವೈಫೈ, ಡೇಟಾಬೇಸ್ ಎಲ್ಲವೂ ಅಲ್ಲೇ ಸಿಗುತ್ತವೆ. ಮಾಮೂಲಿ ಲಿನಕ್ಸ್ ಬೇಕು ಎಂದರೆ ಎಂಎಂಯು ಬೇಕು. ಪ್ರತಿ ಪ್ರೋಗ್ರಾಮಿಗೂ ಅದರದೇ ಮೆಮೊರಿ ವಿಳಾಸಗಳನ್ನು ಕೊಡುವ ಘಟಕ ಅದು. ಎಂಎಂಯು ಇರುವುದು ಎ ಕುಟುಂಬದಲ್ಲಿ. ಎಂ ಮತ್ತು ಹೆಚ್ಚಿನ ಆರ್ ಕೋರ್‌ಗಳಲ್ಲಿ ಎಂಪಿಯು ಮಾತ್ರ. ಅದು ಮುಟ್ಟಬಾರದ ಜಾಗವನ್ನು ಕಾಯುತ್ತದೆ, ವಿಳಾಸ ಬದಲಿಸುವುದಿಲ್ಲ.

ಸಂದೇಶಗಳು ಮೊದಲೇ ಗೊತ್ತಿದ್ದರೆ ಕನ್ನಡಕ್ಕಾಗಿ ಲಿನಕ್ಸ್ ಬೇಕಿಲ್ಲ. "ಒಂದು ಫೇಸ್ ಇಲ್ಲ", "ನೀರಿಲ್ಲ, ಮೋಟಾರ್ ನಿಂತಿದೆ" ಇಂಥವನ್ನು ಕಂಪ್ಯೂಟರಿನಲ್ಲೇ ಚಿತ್ರ ಮಾಡಿ ಚಿಪ್‌ಗೆ ಹಾಕಿ. 128 ಚುಕ್ಕಿ ಅಡ್ಡ, 32 ಚುಕ್ಕಿ ಉದ್ದದ ಕಪ್ಪು ಬಿಳುಪು ಚಿತ್ರಕ್ಕೆ 512 ಬೈಟ್. 40 ಸಂದೇಶಕ್ಕೆ 20 ಕೆಬಿ. 128 ಕೆಬಿ ಫ್ಲ್ಯಾಶ್ ಇರುವ ಎಂ0+ ಚಿಪ್‌ಗೆ ಅದೇನೂ ಭಾರವಲ್ಲ. ದಯವಿಟ್ಟು ಇಷ್ಟು ಮಾಡಿ. ಸ್ಟಾರ್ಟರ್ ಮುಂದೆ ನಿಂತ ರೈತನಿಗೆ "ಇ04" ಎಂದು ತೋರಿಸಿ ಪುಸ್ತಕ ಹುಡುಕಿಸುವುದು ಸರಿಯಲ್ಲ ಅಲ್ವಾ?

ಎ ಕುಟುಂಬಕ್ಕೆ ಹೋಗುವ ಮೊದಲು ಅದರ ಜೊತೆಗೆ ಬರುವ ಖರ್ಚು ನೋಡಿಕೊಳ್ಳಿ. ಹೊರಗೆ ಡಿಡಿಆರ್ ಮೆಮೊರಿ ಬೇಕು. ಅದರ ತಂತಿದಾರಿಗಳ ಉದ್ದ ಒಂದಕ್ಕೊಂದು ಹೊಂದಬೇಕು. ಬೋರ್ಡ್ ಸಾಮಾನ್ಯವಾಗಿ ಆರು ಅಥವಾ ಎಂಟು ಪದರ. ಹಲವು ವೋಲ್ಟೇಜ್‌ಗಳು ಕ್ರಮವಾಗಿ ಏಳಬೇಕು. ಚಿಪ್ ಬಿಜಿಎ, ಅಂದರೆ ಬೆಸುಗೆ ಚಿಪ್‌ನ ಅಡಿಯಲ್ಲಿ ಅಡಗಿರುತ್ತದೆ, ಅದು ಸರಿಯಾಗಿದೆಯಾ ಎಂದು ಎಕ್ಸ್‌ರೇಯಲ್ಲಿ ನೋಡಬೇಕು. ನಿಮ್ಮ ತಂಡದಲ್ಲಿ ಇದನ್ನು ಮೊದಲು ಮಾಡಿದವರು ಇಲ್ಲದಿದ್ದರೆ, ಪ್ರೊಸೆಸರ್, ಮೆಮೊರಿ, ಪವರ್ ಎಲ್ಲ ಒಟ್ಟಿಗೆ ಇರುವ ಸಿದ್ಧ ಮಾಡ್ಯೂಲ್ ಕೊಂಡು, ನಿಮ್ಮ ಎರಡು ಪದರದ ಬೋರ್ಡಿನ ಮೇಲೆ ಕೂರಿಸಿ. ವರ್ಷಕ್ಕೆ ಕೆಲವು ನೂರು ಯಂತ್ರ ಮಾಡುವವರಿಗೆ ಅದೇ ಲಾಭ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು, ಕರೆಂಟು. ಹಳ್ಳಿಯಲ್ಲಿ ಅದು ಹೇಳಿಕೇಳಿ ಹೋಗುವುದಿಲ್ಲ. ಎಂ ಚಿಪ್ ಕರೆಂಟು ಬಂದ ಕೆಲವೇ ಮಿಲಿಸೆಕೆಂಡಿನಲ್ಲಿ ಕೆಲಸಕ್ಕೆ ಸಿದ್ಧ. ಲಿನಕ್ಸ್ ಏಳಲು ಹಲವು ಸೆಕೆಂಡ್ ಬೇಕು. ಎಸ್‌ಡಿ ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಫೈಲ್ ಸಿಸ್ಟಮ್ ಕೆಡಬಹುದು. ಹಾಗಾಗಿ ಎಸ್‌ಡಿ ಕಾರ್ಡ್ ಬೇಡ, ಬೋರ್ಡಿನ ಮೇಲೇ ಬೆಸೆಯುವ ಇಎಂಎಂಸಿ ಮೆಮೊರಿ ಹಾಕಿ. ಸಿಸ್ಟಮ್ ಭಾಗವನ್ನು ಓದಲು ಮಾತ್ರ ಇಡಿ. ಹಾಲಿನ ಲೆಕ್ಕ ಬರೆಯುವ ಜಾಗ ಬೇರೆ ಇರಲಿ. ಕರೆಂಟು ಹೋದ ಮೇಲೆ ಬರೆಯುವುದು ಮುಗಿಸಲು ಸಾಕಾಗುವಷ್ಟು ಸೂಪರ್ ಕೆಪಾಸಿಟರ್ ಹಾಕಿ. ಒಂದು ಹೊತ್ತಿನ ಲೆಕ್ಕ ಅಳಿಸಿಹೋದರೆ ಅದು ಹಾಲು ಹಾಕಿದವರ ದುಡ್ಡು.

ಲಿನಕ್ಸ್‌ನಲ್ಲೇ ರಿಯಲ್ ಟೈಮ್ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಒಂದು ಮಟ್ಟಕ್ಕೆ ಆಗುತ್ತದೆ. ವರ್ಷಗಟ್ಟಲೆ ಹೊರಗೆ ಪ್ಯಾಚ್ ಆಗಿದ್ದ ಪ್ರೀಎಂಪ್ಟ್-ಆರ್‌ಟಿ 2024ರಲ್ಲಿ ಲಿನಕ್ಸ್ 6.12ರಲ್ಲಿ ಮುಖ್ಯ ಕರ್ನಲ್‌ಗೇ ಸೇರಿತು. ಮಿಲಿಸೆಕೆಂಡಿಗೊಮ್ಮೆ ಆಗಬೇಕಾದ ಕೆಲಸಕ್ಕೆ ಅದನ್ನು ಧೈರ್ಯವಾಗಿ ಪರೀಕ್ಷಿಸಿ ನೋಡಬಹುದು. 50 ಮೈಕ್ರೋಸೆಕೆಂಡಿನ ಮೋಟಾರ್ ಕೆಲಸವನ್ನು ಅದರ ಮೇಲೆ ಹೊರಿಸಬೇಡಿ.

ಆರ್ ಕುಟುಂಬ: ಜೀವ ಇರುವ ಕಡೆ

ಆರ್ ಅನ್ನು ಹೆಚ್ಚಿನವರು ಕಂಡಿರುವುದಿಲ್ಲ, ಆದರೆ ಎಸ್‌ಎಸ್‌ಡಿ ಕಂಟ್ರೋಲರ್, ಫೋನಿನ ಮೋಡೆಮ್, ಕಾರಿನ ಬ್ರೇಕ್ ಮತ್ತು ಸ್ಟಿಯರಿಂಗ್ ಇಂಥ ಕಡೆ ಅದು ಬಳಕೆಯಲ್ಲಿದೆ. ಎ ಕುಟುಂಬದ ಹಾಗೆ ವೇಗದ ಪೈಪ್‌ಲೈನ್, ಎಂ ಹಾಗೆ ಊಹಿಸಬಹುದಾದ ಸಮಯ, ಎರಡೂ ಬೇಕಾದಾಗ ಇದು. ಮುಖ್ಯ ಕೋಡ್ ಕ್ಯಾಷ್ ನಂಬದೆ ಟಿಸಿಎಂನಿಂದ ಓಡುತ್ತದೆ. ಮೆಮೊರಿಗೆ ಇಸಿಸಿ ಇದೆ, ಒಂದು ಬಿಟ್ ತಿರುಗಿದರೆ ತಾನೇ ಸರಿಮಾಡುತ್ತದೆ.

ಇದರ ದೊಡ್ಡ ವಿಷಯ ಲಾಕ್‌ಸ್ಟೆಪ್. ಟಿಐನ ಟಿಎಂಎಸ್570 ಚಿಪ್‌ನಲ್ಲಿ ಎರಡು ಕಾರ್ಟೆಕ್ಸ್-ಆರ್4ಎಫ್ ಕೋರ್ ಇವೆ. ಎರಡೂ ಒಂದೇ ಕೋಡ್ ಓಡಿಸುತ್ತವೆ. ಎರಡನೆಯದು ಎರಡು ಸೈಕಲ್ ಹಿಂದೆ ಇರುತ್ತದೆ, ಒಂದೇ ಕ್ಷಣದ ಗಲಭೆ ಎರಡನ್ನೂ ಒಂದೇ ರೀತಿ ಕೆಡಿಸಬಾರದು ಎಂದು. ಇಬ್ಬರ ಉತ್ತರವನ್ನು ಹಾರ್ಡ್‌ವೇರ್ ಪ್ರತಿ ಸೈಕಲ್ ಹೋಲಿಸುತ್ತದೆ. ಬೇರೆಯಾದರೆ ತಕ್ಷಣ ಎಚ್ಚರಿಕೆ. ನಿಮ್ಮ ಫರ್ಮ್‌ವೇರ್‌ಗೆ ಎರಡು ಕೋರ್ ಸಿಗುವುದಿಲ್ಲ, ಒಂದೇ ಸಿಗುತ್ತದೆ. ಇನ್ನೊಂದು ಕಾವಲಿಗೆ.

ಯಾವಾಗ ಬೇಕು? ಹಾಳೆಯ ಕೊನೆಯ ಅಂಕಣದಲ್ಲಿ "ಮನುಷ್ಯನಿಗೆ ಪೆಟ್ಟಾಗುತ್ತದೆ" ಎಂದು ಬರೆದಿದ್ದರೆ, ಅಥವಾ ಗ್ರಾಹಕರು ಐಎಸ್‌ಒ 26262, ಐಇಸಿ 61508 ಎಂಬ ಸುರಕ್ಷತಾ ಮಾನದಂಡಗಳನ್ನು ಕೇಳಿದ್ದರೆ. ಆಗಲೂ ಆರ್ ಒಂದೇ ದಾರಿಯಲ್ಲ. ಎನ್‌ಎಕ್ಸ್‌ಪಿಯ ಎಸ್32ಕೆ3 ಸರಣಿಯಲ್ಲಿ ಲಾಕ್‌ಸ್ಟೆಪ್‌ನಲ್ಲಿ ಓಡುವ ಎಂ7 ಇದೆ. ಆದರೆ ಚಿಪ್ ಕೊಂಡ ಮಾತ್ರಕ್ಕೆ ಯಂತ್ರ ಸುರಕ್ಷಿತವಾಗುವುದಿಲ್ಲ. ಚಿಪ್ ತಪ್ಪು ಕಂಡುಹಿಡಿಯುತ್ತದೆ. ಆಗ ಏನು ಮಾಡಬೇಕು ಎಂದು ನೀವು ಬರೆಯಬೇಕು. ಸ್ಟಿಯರಿಂಗ್ ಮೋಟಾರ್ ದಿಢೀರ್ ನಿಂತರೆ ಒಳ್ಳೆಯದೋ, ಮೆಲ್ಲಗೆ ಬಲ ಇಳಿಸಿದರೆ ಒಳ್ಳೆಯದೋ, ಈ ಚರ್ಚೆಯೇ ತಿಂಗಳುಗಟ್ಟಲೆ ನಡೆಯಬೇಕು.

ಎರಡೂ ಬೇಕಾದಾಗ

ಪರದೆಯೂ ಬೇಕು, ಸಮಯವೂ ತಪ್ಪಬಾರದು ಎಂಬ ಯಂತ್ರಗಳು ಬಹಳ. ಎಸ್‌ಟಿಎಂ32ಎಂಪಿ157 ಒಳಗೆ ಎರಡು ಕಾರ್ಟೆಕ್ಸ್-ಎ7, ಒಂದು ಎಂ4 ಇವೆ. ಝಿಂಕ್ ಅಲ್ಟ್ರಾಸ್ಕೇಲ್+ನಲ್ಲಿ ಎ53 ಜೊತೆ ಎರಡು ಆರ್5. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಎ8 ಪಕ್ಕದಲ್ಲಿ 200 ಮೆಗಾಹರ್ಟ್ಜ್‌ನ ಎರಡು ಚಿಕ್ಕ ಪಿಆರ್‌ಯು ಕೋರ್. ಇವು ಒಳ್ಳೆಯ ಚಿಪ್‌ಗಳೇ. ಆದರೂ ಸಣ್ಣ ತಂಡಕ್ಕೆ ನಾನು ಹೇಳುವುದು ಎರಡು ಬೇರೆ ಚಿಪ್: ಪರದೆಗೆ ಲಿನಕ್ಸ್ ಮಾಡ್ಯೂಲ್, ಅಳತೆಗೂ ಮೋಟಾರಿಗೂ ಒಂದು ಎಂ ಚಿಪ್, ನಡುವೆ ಯುಎಆರ್‌ಟಿ, ಅಂದರೆ ಬೈಟ್‌ಗಳನ್ನು ಒಂದೊಂದಾಗಿ ಕಳಿಸುವ ಸರಳ ತಂತಿ ಸಂಪರ್ಕ. ಲಿನಕ್ಸ್ ಸತ್ತರೂ ಮೋಟಾರ್ ಸರಿಯಾಗಿ ನಿಲ್ಲುತ್ತದೆ. ತಪ್ಪು ಯಾವ ಕಡೆ ಇದೆ ಎಂದು ಆ ತಂತಿಯಲ್ಲಿ ಹೋಗುವ ಬೈಟ್ ನೋಡಿಯೇ ಹೇಳಬಹುದು.

8 ಬಿಟ್ ಚಿಪ್‌ಗಳಿಗೆ ಇನ್ನೂ ಜಾಗ ಇದೆ. ನೇರ 5 ವೋಲ್ಟ್‌ನಲ್ಲಿ ಓಡುತ್ತವೆ, ಚಿಕ್ಕ ಟೈಮರ್‌ಗೆ ಸಾಕು. ಆರ್ಮ್‌ಗೆ ಪರ್ಯಾಯವಾದ ಮುಕ್ತ ವಿನ್ಯಾಸ ರಿಸ್ಕ್-ವಿ ಕೂಡ ಗಟ್ಟಿಯಾಗಿ ಬಂದಿದೆ. 48 ಮೆಗಾಹರ್ಟ್ಜ್‌ನ ಸಿಎಚ್32ವಿ003 ಎಂಬ ಪುಟ್ಟ ಚಿಪ್‌ನಿಂದ ವೈಫೈ ಇರುವ ಇಎಸ್‌ಪಿ32-ಸಿ3ವರೆಗೆ ಸಿಗುತ್ತವೆ. ಐಐಟಿ ಮದ್ರಾಸ್‌ನ ಶಕ್ತಿ, ಸಿ-ಡ್ಯಾಕ್‌ನ ವೇಗ ನಮ್ಮ ದೇಶದ್ದೇ ರಿಸ್ಕ್-ವಿ ಕೋರ್‌ಗಳು, ನೋಡಿದರೆ ಹೆಮ್ಮೆಯಾಗುತ್ತದೆ. 2024ರ ರಾಸ್ಪ್‌ಬೆರಿ ಪೈ ಪಿಕೋ 2 ಬೋರ್ಡಿನಲ್ಲಿ ಎರಡು ಎಂ33 ಮತ್ತು ಎರಡು ರಿಸ್ಕ್-ವಿ ಕೋರ್ ಎರಡೂ ಇವೆ, ಯಾವುದು ಬೇಕೋ ಆರಿಸಬಹುದು. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಬೋರ್ಡ್ ನಾನು ಹೇಳಲಾರೆ. ಹಾಳೆಯ ಪ್ರಶ್ನೆಗಳು ಇಲ್ಲೂ ಅವೇ.

ಆರ್ಡರ್ ಮಾಡುವ ಮೊದಲು

ಆಯ್ಕೆ ಒಂದಕ್ಕೆ ಬಂದ ಮೇಲೆ ಅದರ ಡೆವಲಪ್‌ಮೆಂಟ್ ಬೋರ್ಡ್ ತರಿಸಿ. ಅತಿ ಬಿಗಿಯಾದ ಸಾಲನ್ನು ಮೊದಲು ಬರೆಯಿರಿ, ಮೆನು ಆಮೇಲೆ. ಇಂಟರಪ್ಟ್ ಶುರುವಿನಲ್ಲಿ ಒಂದು ಪಿನ್ ಮೇಲೆತ್ತಿ, ಕೊನೆಯಲ್ಲಿ ಇಳಿಸಿ, ಆಸಿಲೋಸ್ಕೋಪ್‌ನಲ್ಲಿ ನೋಡಿ. ಸರಾಸರಿ ಬೇಡ. ಪರದೆಯ ಮೇಲಿನ ಗೆರೆಗಳು ಉಳಿಯುವ ಹಾಗೆ ಇಟ್ಟು, ಅತಿ ಉದ್ದದ ಪಲ್ಸ್ ಎಷ್ಟು ಎಂದು ನೋಡಿ. ಎಂ3, ಎಂ4, ಎಂ7 ಆದರೆ ಸೈಕಲ್ ಎಣಿಸುವ ಕೌಂಟರ್ ಒಳಗೇ ಇರುತ್ತದೆ. ಎಂ0+ನಲ್ಲಿ ಅದಿಲ್ಲ, ಟೈಮರ್ ಬಳಸಿ. ಆ ಅತಿ ಉದ್ದದ ಸಮಯ ಗಡುವಿನ ಅರ್ಧಕ್ಕಿಂತ ಕಡಿಮೆ ಇರಲಿ. ಫ್ಲ್ಯಾಶ್, ರ‍್ಯಾಮ್ ಕೂಡ ಅರ್ಧ ಖಾಲಿ ಇರಲಿ. ಗ್ರಾಹಕರು ಆರು ತಿಂಗಳಾದ ಮೇಲೆ ಇನ್ನೊಂದು ಕೇಳಿಯೇ ಕೇಳುತ್ತಾರೆ.

ತಾಪವನ್ನು ಮರೆಯಬೇಡಿ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಮುಚ್ಚಿದ ತಗಡಿನ ಪೆಟ್ಟಿಗೆಯ ಒಳಗೆ 70 ಡಿಗ್ರಿಯವರೆಗಿನ ಕಮರ್ಷಿಯಲ್ ದರ್ಜೆಯ ಭಾಗಗಳು ಸಾಲುವುದಿಲ್ಲ. 85 ಡಿಗ್ರಿಯದು ಕನಿಷ್ಠ, 105 ಇದ್ದರೆ ನಿಶ್ಚಿಂತೆ. ಚಿಪ್ ಹತ್ತು ವರ್ಷ ಸಿಗುತ್ತದೆ ಎಂದು ತಯಾರಕರು ಬರೆದುಕೊಟ್ಟಿದ್ದಾರಾ ನೋಡಿ. ಅದೇ ಪಿನ್‌ಗಳಿಗೆ ಕೂರುವ ಇನ್ನೊಂದು ಚಿಪ್ ಇದೆಯಾ ಎಂದೂ ನೋಡಿ. 2021ರ ಚಿಪ್ ಕೊರತೆಯಲ್ಲಿ ಬದಲಿ ಚಿಪ್ ಹಾಕಲು ಜಾಗ ಇದ್ದವರ ಕೆಲಸ ನಡೆಯಿತು, ಉಳಿದವರು ಬೋರ್ಡನ್ನೇ ಮತ್ತೆ ಬರೆಯಬೇಕಾಯಿತು.

ಕೊನೆಯದಾಗಿ ಒಂದು ಟೈಮರ್ ರಿಲೇ ಹಾಕಿ, ಅಡ್ಡಾದಿಡ್ಡಿ ಹೊತ್ತಿಗೆ ಬೋರ್ಡಿನ ಕರೆಂಟು ತೆಗೆದು ಕೊಡುತ್ತಾ ಶನಿವಾರ ಭಾನುವಾರ ಬಿಟ್ಟುಹೋಗಿ. ಸೋಮವಾರ ಬಂದು ಲಾಗ್ ನೋಡಿ. ಪ್ರತಿ ಸಲವೂ ಎದ್ದಿದೆಯೇ, ಏಳಲು ಹಿಡಿದ ಸಮಯ ಪ್ರತಿ ಸಲ ಒಂದೇ ಇದೆಯೇ, ಬರೆದ ಲೆಕ್ಕದಲ್ಲಿ ಒಂದಾದರೂ ಸಾಲು ಹೋಗಿದೆಯೇ ಎಂದು. ಎಲ್ಲ ಸರಿ ಇದ್ದರೆ ಆರ್ಡರ್ ಹಾಕಿ.